ಕಿರಿಗೌರಿಗೆ ಉಡಿ ತುಂಬಿದ್ದು

ಲೋಕ ಹುಟ್ಟಿದ ಹದಿಮೂರು ಸಾವಿರದ ಐದುನೂರನೆಯ ಕೋಟಿ ವರ್ಷ, ಶ್ರಾವಣ, ಎರಡನೆಯ ಸೋಮವಾರ
ಸಂಜೆಗಡಿ ಊರು, ಹುದುಗೋಣಿ

ನಮ್ಮ ಮರಿಮಕ್ಕಳ ಮರಿಮಕ್ಕಳಿಗೆ ಬಾಳವ್ವನ ಶರಣು.

ನನ್ನ ಮಾತು ನಿಮಗೆ ಹಳತಾಗಿ, ತೊಡಕಾಗಿ ಕಂಡರೆ ಬೇಸರಿಸಬೇಡಿ. ಹಿಂದಿನವರ ಬರಹ ಓದುವಾಗ ನಮಗೂ ಹಾಗೆಯೇ ಆಗುತ್ತದೆ. ನಾನು ಕಲಿತದ್ದು ಊರ ಶಾಲೆಯಲ್ಲಿ. ದೊಡ್ಡ ಮಾತು ನನಗೆ ಬರುವುದಿಲ್ಲ, ಬಂದರೂ ನಾಲಿಗೆಗೆ ಹತ್ತುವುದಿಲ್ಲ. ಆದರೂ ಬರೆಯಲು ಕೂತಿದ್ದೇನೆ. ಯಾಕೆಂದರೆ ನೀವು ತಲೆ ಎತ್ತಿ ನೋಡಿದಾಗ ನಮ್ಮ ಕೂಡಿಗೆಯ ನಕ್ಷತ್ರಗಳನ್ನು ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಇಷ್ಟೇ ಲೋಕ, ಇದರಾಚೆಗೆ ಎಂದೂ ಏನೂ ಇರಲಿಲ್ಲ ಎಂದು ನಿಮಗೆ ಅನ್ನಿಸಬಹುದು. ಹಾಗೆ ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ. ಆದರೆ ಇತ್ತು. ಇತ್ತು ಎನ್ನುವ ಮಾತು ನಮ್ಮ ಶಾಲೆಯ ಪಾಠದಲ್ಲಿ ಉಳಿಯಬೇಕೋ ಅಳಿಯಬೇಕೋ ಎಂದು ಈ ವರ್ಷ ಊರೇ ಕೂತು ಮಾತಾಡಿತು. ಆ ಮಾತು ನಮ್ಮ ಮನೆಯ ಹೊಸ್ತಿಲಿನಿಂದಲೇ ಎದ್ದದ್ದು. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನೀವು ಎಲ್ಲಿರುತ್ತೀರೋ ನನಗೆ ಗೊತ್ತಿಲ್ಲ, ನಾವು ಇರುವುದನ್ನು ಹೇಳುತ್ತೇನೆ. ನಮ್ಮ ನೇಸರ ಸಣ್ಣದು, ಕೆಂಪಗಿನದು, ಅವಸರವಿಲ್ಲದ್ದು. ನಮ್ಮ ನೆಲ ಒಂದೇ ಮುಖವನ್ನು ಅದಕ್ಕೆ ತೋರಿಸಿಕೊಂಡು ಸುತ್ತುತ್ತದೆ. ಹಾಗಾಗಿ ಒಂದು ಮಗ್ಗಲು ಸದಾ ಸುಡುತ್ತದೆ, ಇನ್ನೊಂದು ಮಗ್ಗಲು ಸದಾ ಹೆಪ್ಪುಗಟ್ಟಿರುತ್ತದೆ. ಎರಡರ ನಡುವಿನ ಪಟ್ಟಿಯಲ್ಲಿ ನಾವಿದ್ದೇವೆ. ನೇಸರ ಊರ ಅಂಚಿನ ಗುಡ್ಡದ ಮೇಲೆ ಕೂತದ್ದು ಏಳುವುದೂ ಇಲ್ಲ, ಮುಳುಗುವುದೂ ಇಲ್ಲ. ನನ್ನ ನೆರಳು ನಾನು ಈ ಊರಿಗೆ ಕಾಲಿಟ್ಟಾಗಿನಿಂದ ಒಂದೇ ಕಡೆಗೆ ಬಿದ್ದಿದೆ. ಹೊಲದ ಬದುಗಳನ್ನೂ ನೆರಳಿನ ಗೆರೆಗೇ ಹಾಕಿದ್ದಾರೆ. ಬೆಳೆಯ ಎಲೆ ಕಪ್ಪು, ಕಾಳೂ ಕಪ್ಪು. ರೊಟ್ಟಿ ಮಾತ್ರ ಬೆಂದರೆ ಬೂದಿಬಣ್ಣಕ್ಕೆ ತಿರುಗುತ್ತದೆ, ಬಿಸಿ ಇದ್ದಾಗ ತಿಂದರೆ ಬಲು ರುಚಿ. ಕತ್ತಲಮಗ್ಗಲಿನಿಂದ ಬೀಸುವ ಗಾಳಿಗೆ ಬೆನ್ನು ಕೊಟ್ಟು ಮನೆ ಕಟ್ಟುತ್ತೇವೆ. ಗಂಟೆ ಹೊಡೆದಾಗ ಏಳುತ್ತೇವೆ, ಗಂಟೆ ಹೊಡೆದಾಗ ಮಲಗುತ್ತೇವೆ. ವಾರ, ತಿಂಗಳು, ಶ್ರಾವಣ, ಸೋಮವಾರ ಎಲ್ಲವನ್ನೂ ಗಂಟೆಯವರೇ ಹೇಳಬೇಕು. ಅವರು ಹೇಳಿದ ಸೋಮವಾರಕ್ಕೆ ನಾನು ಉಪವಾಸ ಮಾಡುತ್ತೇನೆ. ಶಿವನಿಗೆ ಮುಟ್ಟುತ್ತದೆ ಎಂಬ ನಂಬಿಕೆ ನನಗಿದೆ.

ಕೂಡಿಗೆ ಎಂದರೆ ನಾವಿರುವ ನಕ್ಷತ್ರಗಳ ಗುಂಪು. ಒಂದು ಕಾಲಕ್ಕೆ ಹಲವು ಗುಂಪುಗಳಾಗಿದ್ದವು ಕೂಡಿ ಒಂದಾದದ್ದಕ್ಕೆ ಆ ಹೆಸರು. ಇದರ ನಕ್ಷತ್ರಗಳು ಒಂದನ್ನೊಂದು ಹಿಡಿದುಕೊಂಡಿವೆ, ಇದು ಚದುರುವುದಿಲ್ಲ; ಅದಕ್ಕೆ ನೀವು ಹೆದರಬೇಡಿ. ಆದರೆ ಇಂಥ ಗುಂಪುಗಳು ಹೊರಗೆ ಲೆಕ್ಕವಿಲ್ಲದಷ್ಟು ಇದ್ದವು. ಅವುಗಳಿಗೆ ನಾವು ದೂರದೀಪ ಎನ್ನುತ್ತೇವೆ. ಅವೆಲ್ಲ ನಮ್ಮಿಂದ ದೂರ ಸರಿಯುತ್ತಿದ್ದವು. ಸರಿಯುವುದು ಹಿರಿಯರಿಗೆ ಗೊತ್ತಿತ್ತು. ಮೇಲೆ ಎಸೆದ ಕಲ್ಲಿನ ವೇಗ ಕುಗ್ಗುವ ಹಾಗೆ ಅವುಗಳ ಓಟವೂ ಮೆತ್ತಗಾಗುತ್ತಿರಬೇಕು ಎಂದು ಅವರು ಎಣಿಸಿದ್ದರು. ಎಷ್ಟು ಮೆತ್ತಗಾಗಿದೆ ಎಂದು ಅಳೆಯಲು ಹೊರಟರು. ಕೆಲವು ಬಗೆಯ ನಕ್ಷತ್ರಗಳು ಸಾಯುವಾಗ ಹೆಚ್ಚುಕಡಿಮೆ ಒಂದೇ ಸಮ ಉರಿಯುತ್ತವಂತೆ, ಒಂದೇ ಅಳತೆಯ ಎಣ್ಣೆಗೆ ಒಂದೇ ಬತ್ತಿ ಹಾಕಿದ ದೀಪಗಳ ಹಾಗೆ. ಅಂಥ ದೀಪ ಎಷ್ಟು ಮಂಕಾಗಿ ಕಂಡಿತೋ ಅಷ್ಟು ದೂರ ಎಂದು ಲೆಕ್ಕ. ಅಳೆದು ನೋಡಿದರೆ, ಇರಬೇಕಾದದ್ದಕ್ಕಿಂತ ಮಂಕಾಗಿದ್ದವು. ಎಂದರೆ ಇರಬೇಕಾದದ್ದಕ್ಕಿಂತ ದೂರ ಹೋಗಿದ್ದವು. ಓಟ ಮೆತ್ತಗಾಗಿರಲಿಲ್ಲ, ಜೋರಾಗುತ್ತಿತ್ತು. ಪಾಪ, ಅವರು ಎಷ್ಟು ಸಲ ತಮ್ಮ ಲೆಕ್ಕವನ್ನೇ ತಿರುಗಿ ತಿರುಗಿ ನೋಡಿಕೊಂಡಿರಬೇಕು ಎಂದು ನನಗೆ ಅನ್ನಿಸುತ್ತದೆ.

ಯಾಕೆ ಜೋರಾಗುತ್ತಿದೆ ಎನ್ನುವುದಕ್ಕೆ ಅವರು ಹೇಳಿದ ಕಾರಣ ಒಂದಲ್ಲ. ಅವೇ ಕಾರಣಗಳು ನಮ್ಮ ಊರಿನ ಓಣಿಗಳಾಗಿ ಕೂತಿವೆ. ಬಯಲೋಣಿಯವರು ಹೇಳುವುದು: ಬರಿದಾದ ಬಯಲಿಗೇ ಒಂದು ತಳ್ಳುವ ಗುಣ ಇದೆ, ಅದು ಎಂದೂ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ, ಬಯಲು ಹೆಚ್ಚಿದಷ್ಟೂ ತಳ್ಳುವುದೂ ಹೆಚ್ಚುತ್ತದೆ, ಹೋದ ದೀಪ ತಿರುಗಿ ಬರುವುದಿಲ್ಲ. ನಮ್ಮ ಹುದುಗೋಣಿಯವರು ಹೇಳುವುದು: ಅದು ಬಯಲಿನ ಗುಣವಲ್ಲ, ಬಯಲಿನಲ್ಲಿ ಹರಡಿಕೊಂಡ ಏನೋ ಒಂದು, ಹಿಟ್ಟಿನಲ್ಲಿ ಹುದುಗು ಇದ್ದ ಹಾಗೆ. ಹುದುಗು ಏರುತ್ತದೆ, ಒಂದು ದಿನ ಇಳಿಯಲೂಬಹುದು. ಇಳಿದರೆ ಹೋದವರ ದಾರಿ ಮತ್ತೆ ತೆರೆಯಬಹುದು. ನಮ್ಮೊಳಗೇ ಕೆಲವರು, ಹುದುಗು ಏರುತ್ತಲೇ ಹೋಗಿ ಕೊನೆಗೆ ನೆಲ, ನೇಸರ, ನಮ್ಮ ಮೈಯ ಕಣಕಣವೂ ಹರಿದುಹೋಗುತ್ತದೆ ಎಂದು ಹೆದರಿಸುತ್ತಿದ್ದರು. ಇಷ್ಟು ಕಾಲವಾದರೂ ಹರಿದಿಲ್ಲ, ಆ ಮನೆಯವರು ಈಗ ಸುಮ್ಮನಿದ್ದಾರೆ. ಸೆಳೆತದೋಣಿಯವರದು ಇನ್ನೊಂದು ಮಾತು: ತಳ್ಳುವುದು ಯಾವುದೂ ಇಲ್ಲ, ವಸ್ತು ವಸ್ತುವನ್ನು ಸೆಳೆಯುವ ಕಟ್ಟಳೆಯನ್ನೇ ನಾವು ಅರ್ಧ ತಿಳಿದಿದ್ದೇವೆ, ಹತ್ತಿರಕ್ಕೆ ಒಂದು ನಡೆ, ಬಹುದೂರಕ್ಕೆ ಬೇರೆ ನಡೆ. ನಾವು ಖಾಲಿ ಜಾಗದ ನಡುವೆ ಕೂತು ನೋಡಿದ್ದರಿಂದ ಹಾಗೆ ಕಂಡಿತು, ಓಟ ಜೋರಾಗೇ ಇಲ್ಲ ಎನ್ನುವ ಒಂದು ಮನೆಯೂ ಊರ ಕೊನೆಗೆ ಇತ್ತು. ಈಗ ಅಲ್ಲಿ ಯಾರೂ ಇಲ್ಲ.

ಈ ಓಣಿಗಳ ನಡುವೆ ಹೆಣ್ಣು ಕೊಟ್ಟು ತರುವುದು ನಡೆದೇ ಇದೆ. ನಾನೇ ದೂರದ ಮಂಜಿನಂಚಿನ ಊರಿನ ಬಯಲೋಣಿಯವಳು. ಮದುವೆಯ ಪಂಕ್ತಿಯಲ್ಲಿ ನನ್ನ ತವರಿನವರಿಗೆ ಸಾರು ಬಡಿಸುತ್ತ ಇಲ್ಲಿಯ ಹೆಂಗಸರು ಅಂದದ್ದು ಇನ್ನೂ ಕಿವಿಯಲ್ಲಿದೆ. "ಬಯಲೋಣಿಯವರ ಲೆಕ್ಕದಾಗ ಉಪ್ಪು ಹಾಕಿಲ್ರೀ ಬೀಗ್ರ, ಹಾಕಿದ್ರ ಸಾರು ಬಾಯಿಗಿಡಾಕ ಬರ್ತಿದ್ದಿಲ್ಲ." ಬಯಲಿನ ಬಲವನ್ನು ಅಣುಗಳ ಲೆಕ್ಕದಿಂದ ಕಟ್ಟಿ ನೋಡಿದರೆ ಕಾಣುವ ಬಲಕ್ಕಿಂತ ಎಣಿಸಲಾಗದಷ್ಟು ಪಟ್ಟು ಹೆಚ್ಚು ಬರುತ್ತದೆ, ಅಷ್ಟಿದ್ದಿದ್ದರೆ ಒಂದು ನಕ್ಷತ್ರವೂ ಕೂಡಿಬರುತ್ತಿರಲಿಲ್ಲ. ಅದು ನಮ್ಮ ತವರಿನವರ ಮಾನ ಹೋಗುವ ಜಾಗ. ನಮ್ಮಪ್ಪನೂ ಬಿಡಲಿಲ್ಲ. "ನಿಮ್ಮ ಹುದುಗು ಯಾವ ಗಡಿಗ್ಯಾಗ ಇಟ್ಟೀರಿ, ಒಂಚೂರು ತೋರಸ್ರಲ್ಲ, ನೋಡ್ತೀವಿ" ಅಂದ. ಎಲ್ಲರೂ ನಕ್ಕರು. ಯಾವ ಓಣಿಯ ಮಾತೂ ಪೂರಾ ಆಗಿಲ್ಲ, ಇದನ್ನು ನೀವು ನೆನಪಿಡಬೇಕು. ನನ್ನ ಮಟ್ಟಿಗೆ ಎಲ್ಲ ಕಾರಣವೂ ಶಿವನ ಕೈಯಲ್ಲಿದೆ. ಆದರೆ ಕಾರಣ ಕೇಳಬೇಡಿ ಎಂದು ಅವನು ಎಲ್ಲಿಯೂ ಹೇಳಿದ್ದು ನನಗೆ ಗೊತ್ತಿಲ್ಲ.

ಒಂದೊಂದು ಮನೆಗೆ ಒಂದೊಂದು ದೂರದೀಪ ಎಂದು ಹಿಂದಿನವರು ಹಂಚಿಕೊಂಡಿದ್ದರು. ದೀಪವನ್ನು ಮನೆಯ ಮಗಳ ಹಾಗೆ ಕಂಡರು. ನಮ್ಮಲ್ಲಿ ಮಗಳು ತವರಿನಿಂದ ಹೊರಡುವಾಗ ಉಡಿ ತುಂಬುತ್ತೇವೆ. ಅವಳ ಸೆರಗಿಗೆ ಕರಿಯಕ್ಕಿ, ಕುಬಸ ಹೊಲಿಯುವ ಕಣದ ಬಟ್ಟೆ, ಅರಿಶಿನದ ಬೇರು, ಕಾಯಿ ಹಾಕುತ್ತೇವೆ. ಅವಳು ಹೊಸ್ತಿಲು ದಾಟುವ ಮೊದಲು ತನ್ನ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತಿರುಗಿ ಮನೆಗೇ ಹಾಕುತ್ತಾಳೆ, ತವರು ಬರಿದಾಗಬಾರದು ಎಂದು. ದೂರದೀಪ ಕಣ್ಮರೆಯಾಗುವ ಕಾಲಕ್ಕೂ ಹೀಗೆಯೇ. ಆ ದೀಪದ ಪರವಾಗಿ ಮನೆಯ ಹೆಣ್ಣುಮಗಳೊಬ್ಬಳು ಸೆರಗೊಡ್ಡಿ ನಿಲ್ಲುತ್ತಾಳೆ. ಊರಿನ ಎಲ್ಲ ಮನೆಯವರೂ ತಮ್ಮ ತಮ್ಮ ದೀಪಕ್ಕೆ ಎಂದೋ ಉಡಿ ತುಂಬಿ ಕಳಿಸಿದ್ದರು. ಉಳಿದದ್ದು ನಮ್ಮ ಮನೆಯದೊಂದೇ. ಅವಳ ಹೆಸರು ಕಿರಿಗೌರಿ.

ಕಿರಿಗೌರಿ ಬರಿಗಣ್ಣಿಗೆ ಕಾಣುವವಳಲ್ಲ. ದೂರದ ಬೆಳಕು ದಾರಿಯಲ್ಲೇ ಜಗ್ಗಿ ಜಗ್ಗಿ ಕೆಂಪಾಗಿ, ಆಮೇಲೆ ಬೆಳಕಾಗಿಯೂ ಉಳಿಯದೆ ಬರೀ ಕಾವಾಗಿ ಬರುತ್ತದೆ. ಆ ಕಾವನ್ನು ಹಿಡಿಯಲು ಕತ್ತಲಮಗ್ಗಲಿನ ಮಂಜಿನಲ್ಲಿ ಒಂದು ದೊಡ್ಡ ಬಟ್ಟಲನ್ನು ಹೂತಿದ್ದಾರೆ. ಅದಕ್ಕೆ ತಣ್ಗಣ್ಣು ಎನ್ನುತ್ತೇವೆ. ಕಾವು ತಾಗಿದರೆ ಅದರ ಪಕ್ಕದ ಕಟ್ಟೆಯಲ್ಲಿ ತಕ್ಕಡಿಯದರಂಥ ಒಂದು ಮುಳ್ಳು ಏಳುತ್ತದೆ. ಅದನ್ನು ನೋಡಿಕೊಳ್ಳುವವರು ನಮ್ಮ ಅತ್ತೆ ಪಾರವ್ವ. ಅವರ ಕೈಗೆ ಅದು ಅವರ ಅತ್ತೆಯಿಂದ ಬಂದದ್ದು. ಸೋಮವಾರಕ್ಕೊಮ್ಮೆ ಜಾರುಬಂಡಿಯಲ್ಲಿ ಹೋಗುತ್ತಾರೆ, ಬಟ್ಟಲಿನ ಅಂಚಿನ ಗೂಡಿನಲ್ಲಿ ದೀಪ ಹಚ್ಚುತ್ತಾರೆ, ಕೈ ಮುಗಿಯುತ್ತಾರೆ, ಆಮೇಲೆ ಮುಳ್ಳು ನೋಡುತ್ತಾರೆ. ದೀಪ ಹಚ್ಚದೆ ಕಣ್ಣು ನೋಡಬಾರದು ಎನ್ನುವುದು ನಮ್ಮ ಮನೆಯ ನೇಮ. ಬರಿಗೈಯಲ್ಲಿ ಹೋಗಿ ದೇವರ ಮುಖ ನೋಡಬಾರದಲ್ಲ, ಹಾಗೆ. ಮುಳ್ಳು ಎದ್ದಿರುತ್ತಿತ್ತು. ಅತ್ತೆ ಮನೆಗೆ ಬಂದು ಚಳಿಗಾಳಿಗೆ ತೊಟ್ಟ ಗಾಳಿಬಟ್ಟೆ ಕಳಚುತ್ತ, "ಇನ್ನೂ ಹೊಸ್ತಿಲದಾಗ ಅದಾಳ ನಮ್ಮವ್ವ, ಉಡಿ ತುಂಬೂ ಅವಸರ ಬ್ಯಾಡ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ನಮಗೆಲ್ಲ ಆ ವಾರಕ್ಕೆ ಸಾಕಾಗುವಷ್ಟು ಸಮಾಧಾನ.

ನನ್ನ ಮಗಳು ಶಾಕಂಬರಿ ಊರ ಶಾಲೆಯ ಟೀಚರು. ಈ ವರ್ಷದ ಮೊದಲಿಗೆ ಮಕ್ಕಳನ್ನು ತಣ್ಗಣ್ಣು ತೋರಿಸಲು ಕರೆದುಕೊಂಡು ಹೋದಳು. ಆ ದಿನ ಚಳಿ ವಿಪರೀತವಾಗಿ ಬುಡ್ಡಿಯಲ್ಲಿದ್ದ ಎಣ್ಣೆ ಕಲ್ಲಾಗಿತ್ತು, ಬತ್ತಿ ಹತ್ತಲಿಲ್ಲ. ಮಕ್ಕಳು ನಡುಗುತ್ತಿದ್ದವು. ಇರಲಿ ಎಂದು ದೀಪವಿಲ್ಲದೆಯೇ ಮುಳ್ಳು ತೋರಿಸಲು ಹೋದರೆ, ಮುಳ್ಳು ಮಲಗಿತ್ತು. ಇವಳು ಬುಡ್ಡಿಯನ್ನು ಕಂಕುಳಲ್ಲಿಟ್ಟು ಎಣ್ಣೆ ಕರಗಿಸಿ ದೀಪ ಹಚ್ಚಿದಳು. ಮುಳ್ಳು ಎದ್ದಿತು. ಆರಿಸಿದಳು. ಬಿದ್ದಿತು. ಮಕ್ಕಳ ಎದುರಿಗೆ ಏನೂ ಹೇಳದೆ ಬಂದಳು. ಮನೆಗೆ ಬಂದು ಅಜ್ಜಿಯ ಎದುರಿಗೆ ಕೂತಳು.

"ಆಯಿ, ಒಂದು ಮಾತು ಹೇಳ್ತೀನಿ, ಬೈಬ್ಯಾಡ."

"ಬೈಯುವಂಥಾದ್ದಿದ್ರ ಬೈತೀನಿ. ಹೇಳು."

"ನಾವು ನೋಡಾಕತ್ತಿದ್ದು ಕಿರಿಗೌರೀನ ಅಲ್ಲ. ನಮ್ಮ ದೀಪದ ಕಾವನ್ನ."

ಅವಳು ಆದದ್ದನ್ನೆಲ್ಲ ಹೇಳಿದಳು. ಅತ್ತೆ ಪೂರಾ ಕೇಳಿ ಮೊದಲು ಅಂದದ್ದೇನು ಗೊತ್ತೇ? "ದೀಪ ಹಚ್ಚದ ಕಣ್ಣು ನೋಡಿದ್ಯಾ?" ಶಾಕಂಬರಿ ಹೌದೆಂದಳು. ಅತ್ತೆ ತಟ್ಟೆ ದೂಡಿ ಎದ್ದರು. ಕೈ ತೊಳೆದು ಬಂದು ನನ್ನನ್ನು ಕರೆದು ಕೇಳಿದರು. "ಬಾಳವ್ವ, ಹಂಗಾರ ಆಕಿ ಯಾವಾಗ ಹ್ವಾದ್ಲು?"

ಅತ್ತೆಯ ಕಾಲಕ್ಕೋ, ಅವರ ಅತ್ತೆಯ ಕಾಲಕ್ಕೋ, ಅದಕ್ಕೂ ಎಷ್ಟೋ ಹಿಂದೆಯೋ. ಶಾಕಂಬರಿ ಅಜ್ಜಿಯ ಪಕ್ಕ ಕೂತು ಬಿಡಿಸಿ ಹೇಳಿದಳು. ಹೋದ ಗಳಿಗೆ ಎನ್ನುವುದೇ ಇಲ್ಲವಂತೆ. ದೀಪ, ಆಚೆಗೆ ಹೋದರೆ ಬೆಳಕು ಎಂದೂ ನಮಗೆ ಮುಟ್ಟದಂಥ ಗೆರೆ ದಾಟಿದ ಮೇಲೂ, ದಾಟುವ ಮೊದಲು ಕಳಿಸಿದ ಬೆಳಕು ಬರುತ್ತಲೇ ಇರುತ್ತದೆ. ಜಗ್ಗುತ್ತ, ತಡವಾಗುತ್ತ, ಸಣ್ಣಗಾಗುತ್ತ. ನಮ್ಮ ಕಡೆಯಿಂದ ನೋಡಿದರೆ ಅವಳು ಹೊಸ್ತಿಲ ಮೇಲೆ ಕಾಲೆತ್ತಿದವಳು ಎತ್ತಿದ ಹಾಗೆಯೇ ಇರುತ್ತಾಳೆ, ನಮ್ಮ ಕಣ್ಣಿಗೆ ಹಿಡಿಯುವುದು ನಿಲ್ಲುತ್ತದೆ, ಅಷ್ಟೆ. ನಾವು ಕೂಗಿದರೆ ಮಾತ್ರ ಈಗ ಅವಳಿಗೆ ಮುಟ್ಟುವುದಿಲ್ಲ. ಅತ್ತೆ ಕೇಳಿಸಿಕೊಂಡರು. ಆ ಮೇಲಿನ ಎರಡು ಸೋಮವಾರ ಅವರು ಊಟವನ್ನೂ ಮಾಡಲಿಲ್ಲ, ಉಪವಾಸವೆಂದೂ ಹೇಳಲಿಲ್ಲ. ಉಡಿ ತುಂಬದೆ ಮಗಳನ್ನು ಕಳಿಸಿದ ಮನೆಯಾಯಿತು ನಮ್ಮದು ಎಂಬ ಒಂದೇ ಕೊರಗು.

ಸುದ್ದಿ ಊರಿಗೆ ತಿಳಿದು ಊರ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಬಯಲೋಣಿಯ ಹಿರಿಯ ಗುರುಪಾದಪ್ಪ ಮೆಲ್ಲಗೆ ಹೇಳಿದ, "ಪಾರವ್ವಕ್ಕ, ನಾ ಗೆದ್ದೆ ಅಂತ ಹೇಳಾಕ ಬಂದಿಲ್ಲ. ಆದ್ರ ಆಕಿ ತಿರುಗಿ ಬರೂದಿಲ್ಲ. ಉಡಿ ತುಂಬಿ ಮನಸು ಹಗುರ ಮಾಡ್ಕೋ." ಆಗ ಶಾಕಂಬರಿ ಎದ್ದು ಶಾಲೆಯ ಮಾತು ತೆಗೆದಳು. ಇನ್ನು ಮುಂದೆ ದೂರದೀಪದ ಪಾಠ ಬಿಡುತ್ತೇನೆ, ತೋರಿಸಲಾರದ್ದನ್ನು ಖರೆ ಎಂದು ಮಕ್ಕಳಿಗೆ ಕಲಿಸಲು ನನ್ನಿಂದ ಆಗುವುದಿಲ್ಲ, ಒಂದು ಸಲ ಸುಳ್ಳು ತೋರಿಸಿದ್ದು ಸಾಕು ಎಂದಳು. ಕಣ್ಣಲ್ಲಿ ನೀರಿತ್ತು. ಅವಳು ಹಟಕ್ಕೆ ಆಡಿದ ಮಾತಲ್ಲ ಅದು.

ನನಗೆ ಸುಮ್ಮನಿರಲಾಗಲಿಲ್ಲ. "ನಾ ಈ ಊರಿಗೆ ಬಂದ ಮ್ಯಾಲೆ ಒಮ್ಮೆನೂ ತವರಿಗೆ ಹೋಗಿಲ್ಲ. ಹಂಗಂತ ಬಾಳವ್ವಗ ತವರ ಇಲ್ಲ ಅಂತ ಯಾರರ ಅಂದೀರೇನು?" ಎಂದೆ. ನನ್ನ ಮಾತಿಗೆ ಹೆಂಗಸರು ತಲೆದೂಗಿದರು. ಮಗಳು ಮಾತ್ರ ಒಪ್ಪಲಿಲ್ಲ. "ಅವ್ವಾ, ನಿನ್ನ ತವರಿಂದ ಸುದ್ದಿ ಬರ್ತೈತಿ. ಮೊನ್ನೆ ನಿಮ್ಮಣ್ಣ ಉಪ್ಪಿನಕಾಯಿ ಕಳಿಸ್ಯಾನ. ಅಲ್ಲಿಂದ ಏನ ಬಂದೈತಿ, ಹೇಳು" ಅಂದಳು. ಖರೆ ಮಾತು. ನಾನು ಕೂತೆ.

ಆಗ ಅತ್ತೆ ಬಾಯಿ ತೆರೆದರು. "ಶಾಕವ್ವ, ಎದ್ದ ಕೂಡಲೇ ನೀ ನನಗೇನಂತಿ?"

"ಮುಂಜಾನಿ ಆತು ಏಳ ಆಯಿ ಅಂತೀನಿ."

"ಮುಂಜಾನಿ ಕಂಡೀಯೇನು? ಈ ಊರಾಗ ನೇಸರ ಎದ್ದದ್ದು ಯಾರ ಕಂಡೀರಿ? ಕಂಡವರು ಹೇಳಿ ಹೋಗ್ಯಾರ, ನಾವು ಅನ್ನಾಕತ್ತೀವಿ."

ಶಾಕಂಬರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ಅಂದಳು, "ಖರೆ ಅಂತ ಕಲಸೂದಿಲ್ಲ ಆಯಿ. ಕಂಡವರು ಹಿಂಗ ಹೇಳ್ಯಾರ ಅಂತ ಕಲಸ್ತೀನಿ. ಅವರು ಹೆಂಗ ಅಳದ್ರು ಅನ್ನೂದು, ಮೂರೂ ಓಣಿಯವರ ಕಾರಣ, ಅವರವರ ತೂತು, ಎಲ್ಲಾ ಹೇಳ್ತೀನಿ. ಆದ್ರ ನಾವು ನಮ್ಮ ದೀಪ ನೋಡಿ ಮೋಸ ಹೋಗಿದ್ದನ್ನೂ ಹೇಳಬೇಕಾಗ್ತೈತಿ."

"ಹೇಳು. ನನ್ನ ಹೆಸರು ಹಿಡಿದ ಹೇಳು. ಪಾರವ್ವ ತನ್ನ ದೀಪಕ್ಕ ತಾನ ಕೈ ಮುಗದು ಗೌರಿ ಅಂದ್ಲು ಅಂತ ಹೇಳು. ನಾಚಿಗಿ ಏನಿಲ್ಲ. ಆದ್ರ ಒಂದು ಶರತ್ತು. ಗೌರಿ ಪರವಾಗಿ ಸೆರಗೊಡ್ಡಾಕ ನೀನ ನಿಲ್ಲಬೇಕು."

ಮರುವಾರ ನಮ್ಮ ಹೊಸ್ತಿಲಿನಲ್ಲಿ ಶಾಕಂಬರಿ ಕತ್ತಲಮಗ್ಗಲಿಗೆ ಮುಖ ಮಾಡಿ ನಿಂತಳು. ಮೂರೂ ಓಣಿಯ ಹೆಂಗಸರು ಬಂದಿದ್ದರು. ಅತ್ತೆ ಹಾಕಿದ ಅಕ್ಕಿ ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ ಬಿತ್ತು. ಗಾಳಿಬಟ್ಟೆಯ ಮೇಲೆ ಉಟ್ಟ ಸೀರೆಯ ಸೆರಗು ಗಾಳಿಗೆ ಹಾರುತ್ತಿತ್ತು, ನಾನು ಅದರ ಒಂದು ತುದಿ ಹಿಡಿದುಕೊಂಡೆ. ಉಡಿ ತುಂಬಿದ ಮೇಲೆ ಅವಳು ಒಂದು ಹಿಡಿ ಅಕ್ಕಿ ತೆಗೆದು ತಿರುಗಿ ಮನೆಯೊಳಗೆ ಹಾಕಬೇಕು. ತೆಗೆದಳು. ಹಾಕಲಿಲ್ಲ. ಮುಷ್ಟಿ ಬಿಗಿಹಿಡಿದು ನಿಂತುಬಿಟ್ಟಳು. ನನ್ನ ಮಗಳು ಸುಳ್ಳಿಗೆ ಕೈ ಆಡಿಸುವವಳಲ್ಲ, ಅದು ನನಗೆ ಗೊತ್ತು. ಅತ್ತೆ ಅವಳ ಗದ್ದ ಹಿಡಿದು, "ಆಕಿ ಇಲ್ಲೇನರ ಬಿಟ್ಟು ಹೋಗ್ಯಾಳೋ ಇಲ್ಲೋ, ನೀನ ಹೇಳು" ಅಂದರು. ಶಾಕಂಬರಿ ಹೂಂ ಎಂದಳು. ಬಿಟ್ಟುಹೋಗಿದ್ದಾಳೆ, ಅವಳು ಇದ್ದಳು ಎನ್ನುವುದನ್ನು ಬಿಟ್ಟುಹೋಗಿದ್ದಾಳೆ ಎಂದು ಮುಷ್ಟಿ ತೆರೆದಳು. ಅಕ್ಕಿ ನಮ್ಮ ಕಾಲ ಬಳಿ ಬಿತ್ತು. ಅತ್ತೆ ಆ ಕಡೆಗೆ ಕೈ ಮುಗಿದು "ಹೋಗಿ ಬಾ ನಮ್ಮವ್ವ" ಅಂದರು. ಹೋಗು ಎಂದು ನಮ್ಮಲ್ಲಿ ಯಾರಿಗೂ ಅನ್ನುವುದಿಲ್ಲ. ಗುರುಪಾದಪ್ಪ ಅಂಗಳದಲ್ಲಿ ನಿಂತಿದ್ದ. ತಿದ್ದಲಿಲ್ಲ.

ಅತ್ತೆ ಈಗಲೂ ಸೋಮವಾರಕ್ಕೆ ತಣ್ಗಣ್ಣಿಗೆ ಹೋಗುತ್ತಾರೆ. ದೀಪವನ್ನು ಮನೆಯ ಜಗುಲಿಯಲ್ಲಿ ಹಚ್ಚಿ, ಅಲ್ಲಿಗೆ ಬರಿಗೈಯಲ್ಲಿ ಹೋಗಿ ಕತ್ತಲಲ್ಲಿ ಮುಳ್ಳು ನೋಡಿ ಬರುತ್ತಾರೆ. ಮಲಗಿರುತ್ತದೆ. ಬಂದು "ಇಲ್ಲ" ಎನ್ನುತ್ತಾರೆ, ರೊಟ್ಟಿ ಕೇಳುತ್ತಾರೆ. ಮೊದಲ ವಾರ ಆ ಮಾತು ಕೇಳಲಾಗದೆ ನಾನು ಒಳಗೆ ಹೋಗಿದ್ದೆ. ಈಗ ರೊಟ್ಟಿ ಬಿಸಿ ಇಟ್ಟು ಕಾಯುತ್ತೇನೆ.

ಈ ಪತ್ರದ ಮಡಿಕೆಯಲ್ಲಿ ನಾಲ್ಕು ಕಾಳು ಕರಿಯಕ್ಕಿ ಇದೆ. ಅಂದು ಹೊಸ್ತಿಲಿನಲ್ಲಿ ಬಿದ್ದದ್ದು. ಬಟ್ಟಲಿನ ಪಕ್ಕದ ಮಂಜಿನಲ್ಲಿ ಇದನ್ನು ಹೂಳುತ್ತೇವೆ, ಕೆಡುವುದಿಲ್ಲ. ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ದೇವರಿಗೆ ದೀಪ ಹಚ್ಚುವುದನ್ನು ಬಿಡಬೇಡಿ, ಆದರೆ ನೋಡುವ ಹೊತ್ತಿಗೆ ಅದನ್ನು ದೂರ ಇಟ್ಟು ನೋಡಿ. ಕಾಣಲಿಲ್ಲವೆಂದರೆ ಕಾಣಲಿಲ್ಲ ಎನ್ನಿ, ಎಂದೂ ಇರಲಿಲ್ಲ ಎನ್ನಬೇಡಿ. ನಮ್ಮ ಓಣಿಯ ಮಾತೇ ಖರೆ ಎಂದು ನಾನು ಹೇಳಲಾರೆ, ತವರಿನ ಓಣಿಯ ಮಾತೇ ಗೆಲ್ಲಬಹುದು. ಆದರೂ ಎಂದಾದರೂ, ದೀಪವಿಲ್ಲದ ಕತ್ತಲಲ್ಲಿ ಆ ಮುಳ್ಳು ತಾನಾಗಿ ಎದ್ದರೆ, ಹುದುಗು ಇಳಿಯಿತೋ, ಕಟ್ಟಳೆ ಬೇರೆ ಇತ್ತೋ ಎಂದು ಜಗಳಕ್ಕೆ ನಿಲ್ಲಬೇಡಿ. ತವರಿಗೆ ಬಂದವಳಿಗೆ ಮೊದಲು ಕಾಲಿಗೆ ನೀರು ಕೊಡಿ. ಕಾರಣ ಆಮೇಲೆ ಕೇಳಿದರಾಯಿತು.

ಹೋಗಿ ಬರುತ್ತೇನೆ.

ಬಾಳವ್ವ